ಬಟಾಣಿಯ ನಮಸ್ಕಾರ

ಬಟಾಣಿಗೆ 'ಬಾ' ಎಂದರೆ ಓಡಿಹೋಗಬೇಕು ಎಂದು ಯಾರು ಹೇಳಿಕೊಟ್ಟರೋ ದೇವರೇ ಬಲ್ಲ. ಆ ಭಾನುವಾರ ಬೆಳಗ್ಗೆ ತೀರ್ಥಪ್ರಸಾದ್ 'ಬಾ' ಎಂದ. ಅದು ಪಕ್ಕದ ಮನೆಯ ಅಂಗಳಕ್ಕೆ ಓಡಿತು. 'ನಿಲ್ಲು' ಎಂದ. ಸುಮಿತ್ರಮ್ಮ ಒಣಗಲು ಹರಡಿದ್ದ ಹಪ್ಪಳಗಳ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಿತು. 'ಬೇಡ' ಎಂದ. ಒಂದು ಹಪ್ಪಳ ಕಚ್ಚಿಕೊಂಡು ತಿರುಗಿ ನೋಡಿತು. ಇದ್ದದ್ದು ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ಗಾತ್ರದ ಬಿಳಿ ಪೊಮೇರಿಯನ್ ನಾಯಿ, ಗತ್ತು ಮಾತ್ರ ಎಸ್ಟೇಟ್ ಧಣಿಯದು.

ತೀರ್ಥಪ್ರಸಾದ್ ಬಿಟ್ಟಂಗಾಲದ ಕಾಫಿ ಎಸ್ಟೇಟೊಂದರಲ್ಲಿ ರೈಟರ್. ಆಳುಗಳಿಗೆ ಕೆಲಸ ಹಂಚುವವನು. ತೋಟದಲ್ಲಿ ಅವನ ಮಾತು ನಡೆಯುತ್ತಿತ್ತು, ಕ್ವಾರ್ಟರ್ಸಿನಲ್ಲಿ ನಡೆಯುತ್ತಿರಲಿಲ್ಲ.

ಸುಮಿತ್ರಮ್ಮನ ಬೈಗುಳ ಮುಗಿಯುವವರೆಗೆ ಕಾದಿದ್ದು ಅವನ ಹೆಂಡತಿ ಶ್ವೇತ ಹೇಳಿದಳು: "ಸಂಜೆ ಅಪ್ಪ ಬರ್ತಾರೆ. ಅಷ್ಟರೊಳಗೆ ಇದು ಕೂರು ಅಂದ್ರೆ ಕೂರ್ಬೇಕು. ಇಲ್ಲಾಂದ್ರೆ ಅಪ್ಪನ ಜೀಪಲ್ಲೇ ತಿತಿಮತಿಯ ಅವರ ಮನೆಗೆ ಕಳ್ಸಿಬಿಡ್ತೇನೆ."

ತೀರ್ಥ ಬಟಾಣಿಯನ್ನು ಬಾಚಿ ಎತ್ತಿಕೊಂಡ. ಅವನು ತೋಟದಿಂದ ಬಂದಾಗ ಗೇಟಿಗೇ ಓಡಿ ಬಂದು ಕುಣಿಯುವ ಜೀವ ಅದೊಂದೇ. ಅದೂ ಹೋದರೆ ತನ್ನನ್ನು ಕಂಡು ಯಾರು ಖುಷಿಪಡುತ್ತಾರೆ?

"ಅದು ಇಂಗ್ಲಿಷ್ ಜಾತಿ. ಇಂಗ್ಲಿಷಲ್ಲಿ ಹೇಳಿ ನೋಡಿ," ಎಂದರು ಸುಮಿತ್ರಮ್ಮ ಬೇಲಿಯಾಚೆಯಿಂದ. ಬೈದ ಬಾಯಲ್ಲೇ ಸಲಹೆ ಕೊಡುವ ಒಳ್ಳೆಯತನ ಅವರದು. ತೀರ್ಥ ಮೊಬೈಲಿನಲ್ಲಿ ನಾಯಿ ಪಳಗಿಸುವ ವಿಡಿಯೊ ಹಾಕಿದ. ಬಟಾಣಿ ಅದನ್ನು ಬಹಳ ಗಮನವಿಟ್ಟು ನೋಡಿ ನಿದ್ದೆಹೋಯಿತು.

ಆಗ ಬಂದವನು ಗೇಟಿನ ವಾಚ್‌ಮನ್ ಸಣ್ಣಸ್ವಾಮಿ. ಹಿಂದೆ ದುಬಾರೆಯ ಆನೆ ಕ್ಯಾಂಪಿನಲ್ಲಿ ಮಾವುತನಿಗೆ ಸಹಾಯಕನಾಗಿದ್ದವನು. ಅದನ್ನು ಯಾರೂ ಮರೆಯದ ಹಾಗೆ ನೋಡಿಕೊಳ್ಳುವುದೇ ಈಗ ಅವನ ಮುಖ್ಯ ಕೆಲಸ.

"ಆನೆನೇ ಕೂರ್ಸಿದೀನಿ ಸಾ, ಇದೇನ್ ಮಹಾ! ಬಾಯಲ್ಲಿ ಹೇಳೋದೆಲ್ಲ ನೋಡೋರಿಗೆ. ನಿಜವಾದ ಆರ್ಡ್ರು ಹೋಗೋದು ಕಾಲ್ಬೆರಳಿಂದ. ಕಿವಿ ಹಿಂದೆ ಮೆತ್ತಗೆ ಒತ್ತಬೇಕು."

ತೀರ್ಥ ಚಪ್ಪಲಿ ಬಿಚ್ಚಿ ಕುರ್ಚಿಯ ಮೇಲೆ ಕೂತ. ಬಟಾಣಿಯನ್ನು ಕಾಲ ಬಳಿ ನಿಲ್ಲಿಸಿಕೊಂಡು, ಹೆಬ್ಬೆರಳಿನಿಂದ ಕಿವಿಯ ಹಿಂದೆ ಒತ್ತಿ, ಕ್ಯಾಂಪಿನ ಭಾಷೆಯಲ್ಲಿ "ಬೈಟ್!", ಅಂದರೆ ಕೂರು, ಎಂದ. ಸಣ್ಣಸ್ವಾಮಿ ಅದರ ಸೊಂಟ ಬಗ್ಗಿಸಿ ಕೂರಿಸಿ ಒಂದು ಚೂರು ಬೆಲ್ಲ ಕೊಟ್ಟ. ಮತ್ತೆ ಒತ್ತು, ಮತ್ತೆ ಬೆಲ್ಲ. ಮಧ್ಯಾಹ್ನದ ಹೊತ್ತಿಗೆ ಬೆರಳು ತಾಗಿದ್ದೇ ತಡ, ಬಟಾಣಿ ತಾನಾಗಿ ಕೂತಿತು! ಊಟದ ನಂತರ ಎರಡು ಸಲ ಒತ್ತಿದರೆ ಮುಂಗಾಲೆತ್ತಿ ತಲೆ ಬಾಗಿಸುವ ಸಲಾಮನ್ನೂ ಕಲಿತಿತು.

ತೀರ್ಥನಿಗೆ ಕುತೂಹಲ ತಡೆಯಲಾಗಲಿಲ್ಲ. ಇದು ಕೇಳುತ್ತಿರುವುದು ಮಾತನ್ನೋ ಬೆರಳನ್ನೋ? ಬೆರಳು ತಾಗಿಸದೆ "ಬೈಟ್" ಎಂದ. ಬಟಾಣಿ ಆಕಳಿಸಿತು. ಬೆರಳು ತಾಗಿಸಿ "ಸಾಂಬಾರ್" ಎಂದ. ಕೂತಿತು. "ಕರಿಮೆಣಸು" ಎಂದ. ಅದಕ್ಕೂ ಕೂತಿತು. ಸುಮ್ಮನೆ ಬೆರಳು ತಾಗಿಸಿದ. ಏನೂ ಹೇಳದಿದ್ದರೂ ಕೂತಿತು! ಆ ಪುಟ್ಟ ತಲೆಯೊಳಗೆ ಏನು ನಡೆಯುತ್ತಿರಬಹುದೆಂದು ಅವನು ಅದರ ಕಣ್ಣನ್ನೇ ಬಗ್ಗಿ ನೋಡಿದ. ಅದು ಬೆಲ್ಲದ ಡಬ್ಬಿ ನೋಡುತ್ತಿತ್ತು.

ಇದ್ದಕ್ಕಿದ್ದಂತೆ ಅವನ ಮುಖ ಬಾಡಿತು. "ಸಣ್ಣಸ್ವಾಮಿ, ಮಾವನ ಎದುರು ಕುರ್ಚಿಲಿ ಕೂತು ಕಾಲು ಚಾಚೋದು ಹೇಗೆ?" ಮಾವ ಒಳಗೆ ಬಂದರೆ ಎದ್ದು, ಬಗ್ಗಿ, ಕಾಲು ಮುಟ್ಟಿ ನಮಸ್ಕರಿಸುವ ಮನೆ ಅದು.

"ಬಗ್ಗಿದಾಗ ಒಂದು ಕಾಲು ಹಿಂದಕ್ಕೆ ಹೋಯ್ತದಲ್ಲ, ಆ ಕಾಲಲ್ಲಿ ಒತ್ತಿ ಸಾ. ಬನ್ನಿ, ನಾನೇ ನಿಮ್ಮ ಮಾವ."

ಸಣ್ಣಸ್ವಾಮಿ ಮಾವನ ಗತ್ತಿನಲ್ಲಿ ನಿಂತ. ತೀರ್ಥ ಬಗ್ಗಿ ಅವನ ಕಾಲು ಮುಟ್ಟಿ, ಎಡಗಾಲನ್ನು ಹಿಂದೆ ಚಾಚಿ ನಾಯಿಗಾಗಿ ತಡಕಾಡಿದ. ಅದೇ ಹೊತ್ತಿಗೆ ಹಪ್ಪಳ ಮಗುಚಲು ಬಂದ ಸುಮಿತ್ರಮ್ಮ "ಅಯ್ಯಯ್ಯೋ!" ಎಂದು ಕೂಗಿದರು. "ಶ್ವೇತಾ, ನಿನ್ನ ಗಂಡ ವಾಚ್‌ಮನ್ ಕಾಲಿಗೆ ಬಿದ್ದಿದ್ದಾರೆ! ಏನು ತಪ್ಪು ಮಾಡಿದ್ದಾರೋ ಕೇಳು!"

ರೈಟರ್ ಮಾಡಿದ ತಪ್ಪು ಏನಿರಬಹುದೆಂದು ಆಳುಗಳ ಲೈನ್ ಮನೆಗಳಲ್ಲೆಲ್ಲ ಚರ್ಚೆ ಶುರುವಾಯಿತು. ತೀರ್ಥ ಅದನ್ನೂ ಸಹಿಸಿಕೊಂಡ. ಬಟಾಣಿಗಾಗಿ ಇನ್ನೂ ನಾಲ್ಕು ಸಲ ವಾಚ್‌ಮನ್ ಕಾಲಿಗೆ ಬಿದ್ದು ಅಭ್ಯಾಸ ಮಾಡಿದ.

ಸಂಜೆ ಜೀಪು ಬಂತು. ಬಿಳಿ ಮೀಸೆಯ ಮಾವ ಕುಶಾಲಪ್ಪ ಜಗಲಿ ಹತ್ತಿದರು. ತೀರ್ಥ ಬಗ್ಗಿ ಅವರ ಕಾಲು ಮುಟ್ಟಿದ, ಎಡಗಾಲು ಹಿಂದೆ ಚಾಚಿದ. ಬೆರಳಿಗೆ ಮೊದಲು ಹೂಕುಂಡ ತಾಗಿತು, ಆಮೇಲೆ ಶ್ವೇತಳ ಕಾಲು. "ಏನ್ರೀ ಇದು!" ಎಂದು ಅವಳು ಹಾರಿದಳು. ಕೊನೆಗೆ ಮೆತ್ತನೆಯ ಕಿವಿ ಸಿಕ್ಕಿತು. ಗಾಬರಿಯಲ್ಲಿ ಎರಡು ಸಲ ಒತ್ತಿಬಿಟ್ಟ.

ಬಟಾಣಿ ಟಪ್ಪೆಂದು ಕೂತಿತು. ಮುಂಗಾಲೆತ್ತಿತು. ಅಳಿಯ ಬಾಗಿದಂತೆಯೇ ತಲೆ ಬಾಗಿಸಿತು.

ಕುಶಾಲಪ್ಪನವರ ಮೀಸೆ ಅದುರಿತು. "ಎಂಥ ಮರ್ಯಾದೆ ಉಂಟು ಮಾರಾಯ ಇದಕ್ಕೆ! ನಮ್ಮಲ್ಲಿ ಮಕ್ಕಳೇ ಮೊಬೈಲ್ ಬಿಟ್ಟು ಏಳೋದಿಲ್ಲೆ. ಶ್ವೇತ, ಬೆಳಗ್ಗೆ ಫೋನಲ್ಲಿ ನೀ ಹೇಳ್ದಲ್ಲ, ಇದರ ನಾ ಕರ್ಕಂಡ್ ಹೋನೆ."

"ಮಾವ, ಅದು ನಿಜವಾಗಿ…" ಎಂದು ತೀರ್ಥ ಶುರುಮಾಡಿ ನಿಲ್ಲಿಸಿದ. ಏನೆಂದು ಹೇಳುವುದು? ಕೈ ನಿಮ್ಮ ಕಾಲಿನ ಮೇಲಿದ್ದಾಗ ನನ್ನ ಕಾಲು ನಾಯಿಯ ಕಿವಿಯ ಮೇಲಿತ್ತು ಎಂದೇ?

ಕಾಫಿ ಕುಡಿದು ಮುಗಿಸಿ ಕುಶಾಲಪ್ಪ ನಾಯಿಯನ್ನು ಮಗುವಿನಂತೆ ಎತ್ತಿಕೊಂಡು ಜೀಪು ಹತ್ತಿದರು. ಬಟಾಣಿ ಮುಂದಿನ ಸೀಟಿನಲ್ಲಿ ಕೂತು, ಯಾರೂ ಹೇಳದೆಯೇ ಬಹಳ ವಿಧೇಯವಾಗಿ ರಸ್ತೆ ನೋಡತೊಡಗಿತು. ಜೀಪು ತಿರುವಿನಲ್ಲಿ ಮರೆಯಾಯಿತು. ತೀರ್ಥನಿಗೆ ಅಳುವೇ ಬಂತು.

ಪಕ್ಕದಲ್ಲಿ ಯಾರೋ ಮೂಗೆಳೆದ ಸದ್ದು. ನೋಡಿದರೆ ಶ್ವೇತ.

"ಕಳ್ಸ್ತೇನೆ ಅಂದವಳು ನೀನೇ, ಈಗ ಅಳೋದ್ಯಾಕೆ?"

"ಅಪ್ಪಂಗೆ ನಾಯಿ ಅಂದ್ರೆ ಆಗೋದಿಲ್ಲ. ಬೇಡವೇ ಬೇಡ ಅಂತ ಬೆಳಗ್ಗೆ ಫೋನಲ್ಲೇ ಹೇಳಿದ್ರು. ಹೆದರಿಸಿದ್ರಾದ್ರೂ ನೀವು ಅದಕ್ಕೆ ನಾಲ್ಕು ಮಾತು ಕಲಿಸ್ತೀರಿ ಅಂತ ಹಾಗಂದೆ."

"ಆಗ್ಲೇ ಹೇಳ್ಬಾರ್ದಿತ್ತಾ!"

"ನಂಗೇನು ಗೊತ್ತಿತ್ತು, ಅಪ್ಪನೇ ಮೆಚ್ಚೋ ಹಾಗೆ ಕಲಿಸ್ತೀರಿ ಅಂತ?" ಶ್ವೇತ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮದುವೆಯಾದಾಗಿಂದ ನೀವು ಹಿಡಿದ ಕೆಲಸ ಒಂದಾದ್ರೂ ಸರಿಯಾಗಿ ಮುಗಿದದ್ದುಂಟಾ?"