ಅವ್ವ ಕೂಗಿದ ರಾಕ್ ಆಲ್ಬಮ್

ಮಕ್ಕಳು ಮಾಡಿದ ಅಡುಗೆಯನ್ನು ಹೊಗಳುವುದು ಸುಲಭ; ಬಾಯಲ್ಲಿ ತುತ್ತಿಟ್ಟುಕೊಂಡು ತಲೆಯಾಡಿಸಿದರೆ ಸಾಕು. ಮಕ್ಕಳು ಮಾಡಿದ ಸಂಗೀತವನ್ನು ಹೊಗಳುವುದು ಬಲು ಕಷ್ಟ. ಎಲ್ಲಿ ತಲೆಯಾಡಿಸಬೇಕೆಂದೇ ತಿಳಿಯುವುದಿಲ್ಲ. ನನ್ನ ಮಗಳು ಕವಿತಾ ಗೆಳೆಯರೊಂದಿಗೆ ಸೇರಿ ಒಂದು ರಾಕ್ ಆಲ್ಬಮ್ ಮಾಡಿದ್ದಳು. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನನ್ನನ್ನು, ನನ್ನ ಹೆಂಡತಿ ಸರೋಜಾಳನ್ನು, ಅವ್ವನನ್ನು ಸಾಲಾಗಿ ಕೂರಿಸಿ ಸ್ಪೀಕರ್ ಹಚ್ಚಿದಾಗ ನನಗಿದ್ದ ಭಯ ಅದೊಂದೇ.

"ಇದು ಡಾರ್ಕ್ ಮ್ಯೂಸಿಕ್ ಅಪ್ಪಾ. ಒಂದೊಂದು ಪಾಟ್ಟಿಗೂ ಬೇರೆ ಬೇರೆ ಗೆಸ್ಟು ಹಾಡವ್ರೆ," ಎಂದಳು. ಡಾರ್ಕ್ ಎಂದದ್ದೇ ತಡ, ಸರೋಜಾ ಎದ್ದುಹೋಗಿ ಕಿಟಕಿಯ ಪರದೆ ಎಳೆದಳು.

ಪೆರಿಯನಾಯಕನಪಾಳ್ಯಂನಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ಸ್ಪೀಕರಿನಿಂದ ಹೊರಟಂಥ ಕರಕರ ಸದ್ದು ಅಲ್ಲಿ ಬಂದರೆ ನಾವು ಮೋಟಾರ್ ನಿಲ್ಲಿಸಿ ಬೇರಿಂಗ್ ಬಿಚ್ಚುತ್ತೇವೆ. ಇಲ್ಲಿ ಮಗಳು ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಒಬ್ಬ ಅತಿಥಿ ಪಿಸುಗುಟ್ಟಿದ, ಇನ್ನೊಬ್ಬ ಎದೆಯೊಡೆಯುವಂತೆ ಅರಚಿದ. "ಪಾವಂ, ಆ ಹುಡುಗನ್ಗೆ ಏನಾಯ್ತಂತೆ?" ಎಂದಳು ಸರೋಜಾ. ನಾನು ಹಾಡು ಯಾವಾಗ ಶುರುವಾದೀತೆಂದು ಕಾಯುತ್ತಿದ್ದೆ. ಅದು ಆಗಲೇ ಮುಗಿದಿತ್ತು. ಅವ್ವ ಮಾತ್ರ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು.

ಕೊನೆಯ ಹಾಡಿನಲ್ಲಿ ಆ ಗದ್ದಲವೆಲ್ಲ ಬೆಟ್ಟದಂತೆ ಏರಿ, ತಟ್ಟನೆ ನಿಂತಿತು. ಆ ನಿಶ್ಶಬ್ದದೊಳಗಿಂದ ಒಂದು ಹೆಣ್ಣು ದನಿ ಎದ್ದಿತು. "ಓ…" ಎಂಬ ಒಂದೇ ಕೂಗು. ಉದ್ದಕ್ಕೆ, ನಡುಗುತ್ತ, ಯಾವುದೋ ದೂರವನ್ನು ದಾಟಿಕೊಂಡು ಹೋಗುವಂಥದ್ದು. ಆ ದನಿ ನನಗೆ ಗೊತ್ತಿತ್ತು.

ಸಿರುಮುಗೈ ಹತ್ತಿರ ನಮಗೆ ಹೊಳೆಯಂಚಿನಲ್ಲಿ ತೋಟವಿದ್ದ ಕಾಲದಲ್ಲಿ ಅವ್ವ ಹಿತ್ತಿಲಲ್ಲಿ ನಿಂತು ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದುದು ಹೀಗೆಯೇ. ಗಂಡನ ಹೆಸರು ಹೇಳಬಾರದಲ್ಲ, ಅದಕ್ಕೇ ಬರೀ "ಓ…". ಬಾಳೆತೋಟದ ಆಚೆಯಿಂದ ಅಪ್ಪ "ಆ…" ಎನ್ನುತ್ತಿದ್ದ. ಅಪ್ಪ ಹೋಗಿ ವರ್ಷಗಳಾದವು. ಹಾಡಿನಲ್ಲಿ ಅವ್ವ ಮತ್ತೆ ಕೂಗಿದಳು, ಮತ್ತೆ ಕಾದಳು. ಯಾರೂ ಓಗೊಡಲಿಲ್ಲ. ಗಿಟಾರು ಕೂಡ ಬಾಯಿ ಬಿಡಲಿಲ್ಲ.

ಹಾಡು ಮುಗಿಯಿತು. ಅವ್ವನ ಕೈ ಅವರೆಕಾಯಿಯ ಮೇಲೆ ನಿಂತುಬಿಟ್ಟಿತ್ತು.

"ಅದು ನಾನಾ?" ಎಂದಳು. "ಇಷ್ಟು ದೊಡ್ ಗಂಟ್ಲಾ ನಂದು?"

"ನೀನೇ ಅಜ್ಜೀ. ತಾತನ್ನ ಹೆಂಗೆ ಕೂಗ್ತಿದ್ದೆ ಅಂತ ಕೇಳಿದ್ನಲ್ಲ, ಆವಾಗ ರೆಕಾರ್ಡ್ ಮಾಡ್ದೆ."

ಅವ್ವ ಸ್ಪೀಕರಿನ ಕಡೆಗೇ ನೋಡುತ್ತಿದ್ದಳು. "ಅವ್ರು ಒಂದು ದಿವ್ಸಾನೂ ಒಂದೇ ಕೂಗಿಗೆ ಬಂದೋರಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಇನ್ನೊಂದ್ ತಡವೆ ಹಾಕು ಕಣ್ಣೂ," ಎಂದಳು.

ನಾವು ಅದನ್ನು ಮತ್ತೆ ಮತ್ತೆ ಕೇಳಿದೆವು. ನಾನು ಬದುಕಿನುದ್ದಕ್ಕೂ ಕೇಳಿಸಿಕೊಂಡ ಆ ಕೂಗಿನೊಳಗೆ ಇಷ್ಟೊಂದು ಇತ್ತೆಂಬುದನ್ನು, ನಾನು ಎತ್ತಿ ಆಡಿಸಿದ ಹುಡುಗಿ ನನಗೆ ತೋರಿಸಿಕೊಟ್ಟಿದ್ದಳು. ಹೊಗಳಲು ಒಂದು ಮಾತೂ ಸಿಗಲಿಲ್ಲ. ಸಿಕ್ಕದ್ದು ಬೇರೆಯೇ: ಈ ವಂಶದ ಗಂಟಲು ನನಗೂ ಬಂದಿರಬೇಕಲ್ಲ ಎಂಬ ಅನುಮಾನ. ಸಂಜೆ ಮಗಳನ್ನು ಒಂಟಿಯಾಗಿ ಹಿಡಿದು, ಮುಂದಿನ ಆಲ್ಬಮ್ಮಿಗೆ ಅತಿಥಿ ಬೇಕಾದರೆ ನಾನು ಸಿದ್ಧ ಎಂದೆ. ಮಾದರಿಗೆ ಒಂದು "ಓ…" ಕೂಡ ಬಿಟ್ಟೆ. ಸರೋಜಾ ಅಡುಗೆಮನೆಯಿಂದ "ಏನಾಯ್ತುಂಗ?" ಎಂದು ಓಡಿಬಂದಳು.

ಕವಿತಾ ನನ್ನ ಭುಜ ಸವರಿದಳು. "ಮುಂದಿನದ್ರಲ್ಲಿ ಪಾಟ್ಟೇ ಇಲ್ಲಪ್ಪಾ. ಬರೀ ಮ್ಯೂಸಿಕ್ಕು."

ಇರಲಿ ಎಂದುಕೊಂಡೆ. ಆದರೆ ಈ ವಿಷಯವನ್ನು ಅವ್ವನಿಗೆ ಯಾರೂ ತಿಳಿಸಿದಂತಿಲ್ಲ. ಇವತ್ತು ಬೆಳಿಗ್ಗೆ ಅವಳು ಒಂದು ಚಮಚ ಜೇನುತುಪ್ಪ ನುಂಗಿ, ಗಂಟಲು ಸರಿಮಾಡಿಕೊಂಡು, ಮೊಮ್ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.