ಒಂಟೆ ಯಾಕೆ ಅತ್ತಿತು

ಮನುಷ್ಯನಿಗೆ ನಾಲ್ಕು ಜನರ ನಡುವೆ ಕೂತಾಗ ಹೇಳಿಕೊಳ್ಳಲು ಏನಾದರೊಂದು ಬೇಕು. ಕೆಲವರಿಗೆ ಹೊಲ, ಕೆಲವರಿಗೆ ಕಾಯಿಲೆ. ನನಗೆ ಒಂದು ಸಿನಿಮಾ ಇತ್ತು. ನಾನು ಅದರಲ್ಲಿ ನಟಿಸಿದವನಲ್ಲ, ಬರೆದವನಲ್ಲ, ಬರೀ ನೋಡಿದವನು. ಅದೂ ಒಂದೇ ಸಲ, ಆರನೆಯ ವಯಸ್ಸಿನಲ್ಲಿ. ಆದರೂ ಮೂವತ್ತು ವರ್ಷಗಳಿಗೂ ಮಿಕ್ಕಿ ಆ ಸಿನಿಮಾದ ಮೇಲೆ ಬದುಕಿದ್ದೇನೆಂದರೆ ತಪ್ಪಾಗದು.

ಅದು ಬೊಂಬೆಗಳ ಸಿನಿಮಾ. ಹೆಸರಿಗೂ ಒಬ್ಬ ಮನುಷ್ಯನಿಲ್ಲ. ಮಾತಾಡುವುದು, ಹಾಡುವುದು, ಬೀಳುವುದು ಎಲ್ಲ ಬೊಂಬೆಗಳೇ. ದೇವದುರ್ಗದ ನಮ್ಮ ಶಾಲೆಯವರು ಮಕ್ಕಳನ್ನೆಲ್ಲ ಸಾಲು ಹಚ್ಚಿ ಟಾಕೀಸಿಗೆ ಕರೆದುಕೊಂಡು ಹೋಗಿದ್ದರು. ಒಂದನೆಯ ತರಗತಿಯ ನಾನು, ಐದನೆಯ ತರಗತಿಯ ನಮ್ಮಕ್ಕ ಶರಣಮ್ಮ, ಇಬ್ಬರೂ ಒಂದೇ ಬೆಂಚಿನಲ್ಲಿ. ಕಥೆ ಕೇಳಿ: ಒಂದು ಕತ್ತೆ ಕರೆಯದ ಮದುವೆಗೆ ಹೋಗಿ ಹೋಳಿಗೆಯನ್ನೆಲ್ಲ ತಿಂದುಬಿಡುತ್ತದೆ. ಹೆಣ್ಣಿನ ತಂದೆ ದೊಡ್ಡ ಮೀಸೆಯ ಹುಲಿ. ಅದು ಬಂದವರೆಲ್ಲರ ಬಾಯಿ ತೆರೆಸಿ ಹೋಳಿಗೆ ಹುಡುಕುತ್ತದೆ. ಅಷ್ಟರಲ್ಲಿ ಒಂಟೆಯೊಂದು ಖಾರದ ಚಟ್ನಿ ತಿಂದು ಬಳಬಳ ಕಣ್ಣೀರು ಸುರಿಸುತ್ತದೆ. ಕೊನೆಗೆ ಎಲ್ಲ ಪ್ರಾಣಿಗಳೂ ಸೇರಿ "ಹೋಳಿಗಿ ಎಲ್ಲದ, ತುಪ್ಪ ಎಲ್ಲದ" ಎಂದು ಹಾಡಿ ಕುಣಿಯುತ್ತವೆ.

ಈ ಕಥೆಯನ್ನು ನಾನು ಹೇಳದ ಜಾಗವಿಲ್ಲ. ಗಿಲ್ಲೆಸುಗೂರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ಹೇಳಿದೆ. ರಾಯಚೂರಿಗೆ ವರ್ಗವಾಗಿ ಬಂದ ಮೇಲೆ, ವಿಜ್ಞಾನದವರು ರಜೆ ಹಾಕಿದಾಗಲೆಲ್ಲ ಹುಡುಗರು "ಸರ್, ಕತ್ತಿ ಕಥಿ ಹೇಳ್ರಿ" ಎನ್ನುತ್ತಿದ್ದರು, ಹೇಳಿದೆ. ಕಲ್ಲೂರಿನಲ್ಲಿ ನಮ್ಮ ಬೀಗರ ಮನೆಯ ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು, ಒಂಟೆ ಅಳುವುದನ್ನು ಮಾಡಿ ತೋರಿಸುವಾಗ ಪಕ್ಕದವರ ಎಲೆಗೆ ನನ್ನ ಮಜ್ಜಿಗೆ ಚೆಲ್ಲಿದೆ. ಮಗಳು ಅಕ್ಷತಾ ಕೂಸಾಗಿದ್ದಾಗ ಆ ಹಾಡನ್ನೇ ಜೋಗುಳ ಮಾಡಿಕೊಂಡಿದ್ದೆ. ಹಾಡು ನಿಲ್ಲಲಿ ಎಂದಾದರೂ ಅವಳು ಬೇಗ ನಿದ್ದೆ ಹೋಗುತ್ತಿದ್ದಳು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಆ ಸಿನಿಮಾ ಹಿಂದಿಯದು. ಮದುವೆಯಾದ ಹೊಸದರಲ್ಲಿ ಹೆಂಡತಿ ಗಿರಿಜಾಳ ಮುಂದೆ, "ಆರು ವರ್ಷಕ್ಕೇ ನನಗ ಹಿಂದಿ ನೀರು ಕುಡಿದಂಗ ತಿಳೀತಿತ್ತು" ಎಂದು ಕೊಚ್ಚಿಕೊಂಡಿದ್ದೆ. "ಮತ್ತ ಈಗ್ಯಾಕ ತಿಳಿಯಂಗಿಲ್ರಿ?" ಎಂದು ಕೇಳಿದ್ದಳು. ಬಳಕೆ ತಪ್ಪಿತು ಎಂದೆ. ರಾಯಚೂರಿನಲ್ಲಿದ್ದುಕೊಂಡು ಹಿಂದಿ ಬರದವರು ಕಡಿಮೆ. ಸಂತೆಯಲ್ಲಿ ನಾನೂ ನಾಲ್ಕು ಮಾತು ಆಡುತ್ತೇನೆ. ಕೇಳಿದವರು ಮಾತ್ರ ಮರುಕದಿಂದ ಕನ್ನಡದಲ್ಲಿ ಉತ್ತರಿಸುತ್ತಾರೆ.

ಹೀಗೆ ಸುಖವಾಗಿದ್ದಾಗ, ಈಗ ಒಂಬತ್ತನೆಯ ತರಗತಿಯಲ್ಲಿರುವ ಅಕ್ಷತಾ ಆ ಸಿನಿಮಾವನ್ನು ಫೋನಿನಲ್ಲಿ ಹುಡುಕಲು ಕೂತಳು. ಎರಡು ದಿನ ಸಿಗಲಿಲ್ಲ. "ಅಪ್ಪಾ, ಹೋಳಿಗಿ ಅಂತ ಹಾಕಿದ್ರ ಬರೇ ಅಡಗಿ ಮಾಡೋದು ಬರಾಕತ್ತಾವ" ಎಂದಳು. ಮೂರನೆಯ ದಿನ ಹೋಳಿಗೆ ಬಿಟ್ಟು ಬರೀ ಕತ್ತೆ, ಒಂಟೆ, ಬೊಂಬೆ ಎಂದು ಹಾಕಿದಳು. ತಕ್ಷಣ ಸಿಕ್ಕಿತು. ಜಾಣನಾಗಿದ್ದರೆ ನಾನು ಅಲ್ಲೇ ಎಚ್ಚರಗೊಳ್ಳಬೇಕಿತ್ತು. ನಾನು ಮಾನ್ವಿಗೆ ಫೋನು ಹಚ್ಚಿದೆ.

ಅಕ್ಕ ಮಾನ್ವಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಸಿನಿಮಾ ಸಿಕ್ಕಿದೆ ಎಂದರೆ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. "ಅದನ್ನೇನ್ ಮತ್ತ ನೋಡ್ತೀಯೋ ತಮ್ಮಾ, ಬಿಡು. ಮದುವಿ ದಿನ ಅದಾವ, ಬ್ಲೌಸ್ ಗುಡ್ಡ ಬಿದ್ದಾವ" ಎಂದಳು. ನಾನು ಬಿಡಲಿಲ್ಲ. ಸಾಲದ್ದಕ್ಕೆ ನಮ್ಮ ಶಾಲೆಯ ಹಿಂದಿ ಮೇಷ್ಟ್ರು ಖಾದರ್ ಸರ್ ಅವರನ್ನೂ ಕರೆದೆ. ಸ್ಟಾಫ್ ರೂಮಿನಲ್ಲಿ ಎಷ್ಟೋ ವರ್ಷ ನನ್ನ ಕಥೆ ಕೇಳಿ ನಕ್ಕ ಸಂಭಾವಿತರು ಅವರು. ಬೇರೆ ಯಾರನ್ನು ಕರೆದಿದ್ದರೂ ನಡೆಯುತ್ತಿತ್ತು.

ಭಾನುವಾರ ಮಧ್ಯಾಹ್ನ ಅಕ್ಕ ಬಸ್ಸಿಳಿದು ಬಂದಳು. ಗಿರಿಜಾ ಮಿರ್ಚಿ ಭಜಿ ಕರಿದಿದ್ದಳು. ನಾನು ಟಿ.ವಿ. ಪಕ್ಕದಲ್ಲಿ ನಿಂತು ಸಣ್ಣದೊಂದು ಭಾಷಣ ಮಾಡಿದೆ. ಸಿನಿಮಾ ಶುರುವಾಯಿತು. ಕೊರಳಿಗೆ ಕೆಂಪು ಬಟ್ಟೆ ಸುತ್ತಿದ ಕತ್ತೆ ಬಂತು. ಅದೇ ಕತ್ತೆ! ನನ್ನ ಕಣ್ಣು ಹನಿಗೂಡಿತು.

"ನೋಡ್ರಿ, ಈಗ ಮದುವಿಗಿ ಹೊಂಟದ" ಎಂದೆ.

ಖಾದರ್ ಸರ್ ಕೆಮ್ಮಿದರು. "ದವಾಖಾನಿಗೆ ಹೊಂಟೀನಿ ಅನ್ನಾಕತ್ತದ್ರಿ ಸರ್."

ದವಾಖಾನೆಯ ಪಕ್ಕದಲ್ಲೇ ಮದುವೆ ಇರಬೇಕು ಎಂದುಕೊಂಡೆ. ಮೀಸೆಯ ಹುಲಿ ಬಂತು. "ಇವನೇ ಹೆಣ್ಣಿನಪ್ಪ. ಬಾಯಿ ತೆರಿಸಿ ಹೋಳಿಗಿ ಹುಡುಕ್ತಾನ, ನೋಡ್ರಿ" ಎಂದೆ. ಹುಲಿ ನಿಜವಾಗಿಯೂ ಕತ್ತೆಯ ಬಾಯಿ ತೆರೆಸಿತು. ನಾನು ಗೆದ್ದವನಂತೆ ಎಲ್ಲರ ಕಡೆ ನೋಡಿದೆ. ಖಾದರ್ ಸರ್ ನೆಲ ನೋಡುತ್ತ, "ಡಾಕ್ಟರ್ ಅದಾನ್ರಿ. ಗಂಟಲಾ ನೋಡಾಕತ್ತಾನ" ಎಂದರು. ಹಾಡುಗಾರ ಕತ್ತೆಯ ದನಿ ಹೋಗಿದೆಯಂತೆ. ಇನ್ನೆಂದೂ ಬರುವುದಿಲ್ಲ ಎಂದು ಹುಲಿ ಹೇಳುತ್ತಿದೆಯಂತೆ. ಅಕ್ಷತಾ ನನ್ನನ್ನೇ ನೋಡತೊಡಗಿದಳು. ನಾನು ಮಿರ್ಚಿ ಬಾಯಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಒಂಟೆ ಬಂತು. ತುಟಿ ನಡುಗಿಸಿತು. ಬಳಬಳ ಕಣ್ಣೀರು ಸುರಿಸಿತು. ಮೂವತ್ತು ವರ್ಷದ ಅಭ್ಯಾಸ; ಅದನ್ನು ಕಂಡದ್ದೇ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದೆ. ಕುರ್ಚಿಯಿಂದ ಜಾರುವಷ್ಟು ನಕ್ಕು ಪಕ್ಕಕ್ಕೆ ನೋಡಿದರೆ, ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಅಕ್ಷತಾಳ ಮುಖ ಸಣ್ಣದಾಗಿದೆ.

"ಏನ್ ಕಲ್ಲಿನಂಥಾ ಮನಶಾರೀ ನೀವು!" ಎಂದಳು ಗಿರಿಜಾ.

"ಖಾರದ ಚಟ್ನಿ ತಿಂದದಲ್ಲೇ" ಎಂದೆ.

"ಇಲ್ರಿ ಸರ್," ಖಾದರ್ ಸರ್ ಮೆಲ್ಲಗೆ ಹೇಳಿದರು, "ಗೆಳೆಯ ಇನ್ನ ಹಾಡಂಗಿಲ್ಲಂತ ದುಃಖಕ್ಕ ಅಳಾಕತ್ತದ."

ಆಗ ಮೂಲೆಯಿಂದ ಕಿಸಕ್ ಎಂದು ಒಂದು ಸದ್ದು. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಆ ಸದ್ದು ಕಿವಿಗೆ ಬಿದ್ದದ್ದೇ ದೇವದುರ್ಗದ ಟಾಕೀಸಿನ ಕತ್ತಲೆ ಕಣ್ಣ ಮುಂದೆ ಬಂತು. ನನ್ನ ಕಿವಿಗೆ ತಾಗಿಕೊಂಡಿದ್ದ ಒಂದು ಬಾಯಿ. ಬಿಸಿ ಉಸಿರು. 'ಒಂಟಿ ಚಟ್ನಿ ತಿಂದದ, ನೋಡು.'

"ಅಕ್ಕಾ, ಚಟ್ನಿ ಅಂತ ಹೇಳಿದಾಕಿ ನೀನು!"

"ಮತ್ತೇನ್ ಮಾಡ್ಲೋ ಯಪ್ಪಾ? ಸಿನಿಮಾ ಸುರು ಆದ ಕೂಡ್ಲೆ ನೀ ತಿಳಿಯಂಗಿಲ್ಲ, ತಿಳಿಯಂಗಿಲ್ಲ ಅಂತ ಅಳಾಕ ಹತ್ತಿದಿ. ಸಾಲಿ ಅಕ್ಕೋರು ಬಂದು, ನಿನ್ನ ತಮ್ಮನ್ನ ಮನಿಗೆ ಕರಕೊಂಡು ಹೋಗು ಅಂದ್ರು. ಎದ್ದು ಹೋದ್ರ ನನ್ನ ಸಿನಿಮಾ ಹೋಗತಿತ್ತು. ಅದಕ್ಕ ಬಾಯಿಗೆ ಬಂದದ್ದು ಹೇಳಿದೆ. ನನಗರ ಎಲ್ಲಿ ಹಿಂದಿ ಬರತಿತ್ತು?"

"ಹೋಳಿಗಿ ಯಾಕ ತಂದಿ ಅದರಾಗ?"

"ಹಸಿವಾಗಿತ್ತು."

ಖಾದರ್ ಸರ್ ಗೌರವದಿಂದ ಅವಳ ಕಡೆ ತಿರುಗಿ ಕೂತರು. "ಇಷ್ಟು ವರ್ಷ ಯಾಕ ಹೇಳಲಿಲ್ಲ ಅತ್ತಿ?" ಎಂದಳು ಅಕ್ಷತಾ.

ಅಕ್ಕ ನಗು ನಿಲ್ಲಿಸಿದಳು. "ಏಳನೇತ್ತಕ್ಕ ಸಾಲಿ ಬಿಡಿಸಿ ಮಿಷನ್ ಮುಂದ ಕುಂದ್ರಿಸಿದ್ರು ನನ್ನ. ನಿಮ್ಮಪ್ಪ ಮಾಸ್ತರ ಆದ. ಮದುವ್ಯಾಗ, ತೊಟ್ಲ ಕಾರ್ಯದಾಗ ಎಲ್ಲಾ ಕಡಿ ನಿಂತು ಕಥಿ ಹೇಳತಿದ್ದ, ಮಂದಿ ಬಿದ್ದು ಬಿದ್ದು ನಗತಿದ್ರು. ನಾ ಹಿಂದ ಕುಂತು ಕೇಳತಿದ್ದೆ. ಏನೋ, ನನ್ನ ಕಥಿ ಮಂದಿ ಕೇಳಾಕತ್ತಾರಲ್ಲ ಅಂತ ಖುಷಿ ಆಗತಿತ್ತು."

ಆ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕತ್ತೆ, ಒಂಟೆ, ಹುಲಿ ಎಲ್ಲರ ಹೆಸರನ್ನೂ ಹೇಳಿದ್ದೇನೆ. ಪಕ್ಕದಲ್ಲಿ ಅಕ್ಕ ಕೂತಿದ್ದಳು ಎಂದು ಒಂದು ಸಲವೂ ಹೇಳಿರಲಿಲ್ಲ. "ಮಿರ್ಚಿ ತಿನ್ನಕ್ಕಾ" ಎಂದೆ. ಅವಳು ತಿಂದಳು.

ಅಕ್ಷತಾ ಸಿನಿಮಾವನ್ನು ಮೊದಲಿಗೆ ತಂದು ದನಿ ಬಂದ್ ಮಾಡಿದಳು. "ಅತ್ತಿ, ನೀವು ಹೇಳ್ರಿ." ಬೇಡ ಬೇಡ ಎನ್ನುತ್ತಲೇ ಅಕ್ಕ ಕಾಲು ಮೇಲಿಟ್ಟುಕೊಂಡು ಕೂತಳು. ಕತ್ತೆ ಮದುವೆಗೆ ಹೊರಟಿತು. ಬಿಳಿ ಟೊಪ್ಪಿಗೆಯ ನರ್ಸ್ ಕೋಳಿ ಬಂದಾಗ, "ಈಕಿ ಬ್ಲೌಸ್ ಬಿಗಿ ಆಗ್ಯಾದ ಅಂತ ಜಗಳಕ್ಕ ಬಂದಾಳ. ನಾ ಅಳತಿ ತಪ್ಪಿಲ್ಲವ್ವಾ, ನೀ ಹೋಳಿಗಿ ಕಡಿಮಿ ತಿನ್ನು" ಎಂದಳು. ಖಾದರ್ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಕಥೆ ಹೇಳುವಾಗ ಇಷ್ಟು ವರ್ಷ ತಪ್ಪದೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದ ಗಿರಿಜಾ ಗೋಡೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಇಲ್ಲಿ ಹುಲಿ ಸಿಟ್ಟಿಗೇಳಬೇಕಲ್ಲ" ಎಂದು ತಿದ್ದಿದೆ.

"ಲೇ, ಹೇಳಾಕಿ ನಾನೋ ನೀನೋ?" ಎಂದಳು ಅಕ್ಕ.

"ನೀವ್ ಸುಮ್ನ ಕುಂದರ್ರಿ" ಎಂದಳು ಹೆಂಡತಿ.

ಸೋಮವಾರ ಸ್ಟಾಫ್ ರೂಮಿಗೆ ಹೋಗುವಷ್ಟರಲ್ಲಿ ಖಾದರ್ ಸರ್ ಎಲ್ಲವನ್ನೂ ಹೇಳಿ ಮುಗಿಸಿದ್ದರು. ನನ್ನ ಬಗ್ಗೆ ಒಂದು ಕೆಟ್ಟ ಮಾತಿಲ್ಲ. ನನ್ನ ಬಗ್ಗೆ ಮಾತೇ ಇಲ್ಲ. ಹೆಡ್ ಮೇಡಂ ನನ್ನನ್ನು ಕರೆದು, "ಶನಿವಾರ ನಿಮ್ಮ ಅಕ್ಕಾರ್ನ ಕರಕೊಂಡು ಬರ್ರಿ ಸರ್, ಹುಡುಗರಿಗೆ ಸಿನಿಮಾ ಹೇಳ್ಲಿ" ಎಂದರು. ಅಕ್ಕ ಬ್ಲೌಸ್‌ಗಳನ್ನೆಲ್ಲ ಪಕ್ಕಕ್ಕಿಟ್ಟು, ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಮಾನ್ವಿಯಿಂದ ಬಂದಳು. ಹುಡುಗರು ಬೆಂಚು ಬಡಿದು ನಕ್ಕರು. ಒಂಟೆ ಅಳುವಾಗ ಹೆಡ್ ಮೇಡಂ ಕೂಡ ನಕ್ಕರು. ಆ ಇಡೀ ಕಾರ್ಯಕ್ರಮದಲ್ಲಿ ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ: ಶುರುವಿನಲ್ಲಿ ರಿಮೋಟ್ ಒತ್ತಿ ದನಿ ಬಂದ್ ಮಾಡುವುದು. ಒತ್ತಿದೆ. ಟಿ.ವಿ.ಯೇ ಬಂದ್ ಆಯಿತು.