ಗಂಗಾಂಬಿಕಾ ಮೇಡಂ ಮೇಲೆ ನಾನು ಕೊಟ್ಟ ದೂರು

ಹೊಟ್ಟೆಕಿಚ್ಚು ದೂರದವರ ಮೇಲೆ ಹುಟ್ಟುವುದಿಲ್ಲ. ಚಂದ್ರನ ಮೇಲೆ ಕಾಲಿಟ್ಟವನನ್ನು ಬಾಯ್ತುಂಬ ಹೊಗಳುವ ನಮಗೆ, ಪಕ್ಕದ ಮನೆಯ ಮಾವಿನಮರ ನಾಲ್ಕು ಕಾಯಿ ಹೆಚ್ಚು ಬಿಟ್ಟರೆ ಊಟ ಸೇರುವುದಿಲ್ಲ. ನನ್ನ ಸಂಕಟ ಇದ್ದದ್ದು ಪಕ್ಕದ ಮನೆಯದಲ್ಲ, ಪಕ್ಕದ ಕ್ಲಾಸಿನದು. ಅರಸೀಕೆರೆಯ ನಮ್ಮ ಕಾಲೇಜಿನಲ್ಲಿ ನಾನು ಗಣಿತದ ಮೇಷ್ಟ್ರು. ಗೋಡೆಯಾಚೆ ಕನ್ನಡದ ಪ್ರಾಧ್ಯಾಪಕಿ ಡಾಕ್ಟರ್ ಗಂಗಾಂಬಿಕಾ ಮೇಡಂ. ಹಳಗನ್ನಡ ಎಂದರೆ ಮಕ್ಕಳು ಆಕಳಿಸಬೇಕು, ಅದು ಲೋಕರೂಢಿ. ಆಕೆ ಓದಿದರೆ ಮಾತ್ರ ಪದ್ಯದೊಳಗಿನ ತಾಯಿ ನಮ್ಮೂರ ಸಂತೆಯಲ್ಲಿ ಸೊಪ್ಪು ಮಾರುವವಳ ಹಾಗೆ ಎದ್ದು ಬಂದು ಮಾತಾಡುತ್ತಿದ್ದಳು. ಒಂದು ದಿನ ಬೋರ್ಡಿನಿಂದ ತಿರುಗಿ ನೋಡುತ್ತೇನೆ, ನನ್ನ ಕ್ಲಾಸೆಲ್ಲ ಗೋಡೆಯ ಕಡೆ ಕಿವಿ ವಾಲಿಸಿ ಕೂತಿದೆ. ಮುಂದಿನ ಬೆಂಚಿನ ಹುಡುಗಿಯ ಕಣ್ಣಲ್ಲಿ ನೀರು! ಗಣಿತದ ಕ್ಲಾಸಿನಲ್ಲಿ ಮಕ್ಕಳು ಅಳುವುದಿದೆ, ಆದರೆ ಆ ಕಾರಣ ಬೇರೆ.

ಸೀದಾ ಪ್ರಿನ್ಸಿಪಾಲರ ಬಳಿ ಹೋಗಿ, "ಮೇಡಂ ಸ್ವಲ್ಪ ಮೆಲ್ಲಗೆ ಪಾಠ ಮಾಡ್ಬೇಕು ಸಾರ್, ನಮಗೆ ತೊಂದರೆ ಆಗ್ತಿದೆ" ಎಂದೆ. "ಇರ್ರೀ, ನೋಡ್ಕೊಂಡು ಬರ್ತೀನಿ" ಎಂದು ಎದ್ದು ಹೋದವರು ಗಂಟೆ ಹೊಡೆದರೂ ಬರಲಿಲ್ಲ. ಹೋಗಿ ಇಣುಕಿದರೆ, ಕನ್ನಡ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು.

ಆ ದೂರಿನ ಫಲ ಬೇಗನೆ ಉಣ್ಣಬೇಕಾಯಿತು. ಮೇಡಂ ಅವರ ಸಂಶೋಧನಾ ಗ್ರಂಥಕ್ಕಾಗಿ ಬೇಲೂರಿನಲ್ಲಿ ಸನ್ಮಾನ ಏರ್ಪಾಡಾಯಿತು. ಅಭಿನಂದನಾ ಭಾಷಣಕ್ಕೆ ಪ್ರಿನ್ಸಿಪಾಲರು ನನ್ನ ಹೆಸರು ಕೊಟ್ಟುಬಿಟ್ಟರು. "ನಾನು ಗಣಿತದವನು ಸಾರ್" ಎಂದರೆ, "ದೂರು ಕೊಡೋವಷ್ಟು ಗಮನವಿಟ್ಟು ಅವರ ಪಾಠ ಕೇಳಿದವರು ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರ್ರೀ?" ಎಂದರು. ಬೇರೆ ದಾರಿ ಕಾಣದೆ ಮೇಡಮ್ಮನ್ನೇ ಕೇಳಿದೆ: "ತಮ್ಮ ಸಂಶೋಧನೆ ಅಂದ್ರೆ ಏನು ಮೇಡಂ?" ಆಕೆ ನಕ್ಕು, "ಭಾನುವಾರ ಹಳೇಬೀಡಿಗೆ ಬನ್ನಿ, ತೋರಿಸ್ತೀನಿ" ಎಂದರು.

ದೇವಸ್ಥಾನ ತೋರಿಸುತ್ತಾರೆಂದು ನಾನು ಹೊಸ ಷರ್ಟು ಹಾಕಿಕೊಂಡು ಹೋದೆ. ಮೇಡಂ ಆ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕೈಗೆ ಅಕ್ಕಿಹಿಟ್ಟಿನ ಡಬ್ಬಿ ಕೊಟ್ಟು, ರಾಗಿಹೊಲದ ಬದುವಿನ ಮೇಲೆ ಮೈಲಿಗಟ್ಟಲೆ ನಡೆಸಿ, ಒಂದು ಸಣ್ಣ ಊರಿನ ಜಯಮ್ಮ ಎಂಬಾಕೆಯ ಹಿತ್ತಿಲಿಗೆ ಕರೆದೊಯ್ದರು. ಅಲ್ಲೊಂದು ಬಟ್ಟೆ ಒಗೆಯುವ ಕಲ್ಲು. ಮೇಡಂ ಸೆರಗು ಸಿಕ್ಕಿಸಿ, ನೆಲಕ್ಕೆ ಕೂತು, ಕಲ್ಲನ್ನು ತೊಳೆದು ಒರೆಸಿ, ಹಿಟ್ಟು ಸವರಿದರು. ಹಳೇ ಶಾಸನದ ಸವೆದ ಅಕ್ಷರಗಳು ಒಂದೊಂದಾಗಿ ಬೆಳ್ಳಗೆ ಮೂಡಿದವು. ಬಿಸಿಲು ನೆತ್ತಿಗೆ ಬರುವವರೆಗೂ ಕೂಡಿಸಿ ಕೂಡಿಸಿ ಓದಿ, ಕೊನೆಗೆ ತಲೆಯೆತ್ತಿ, "ನಿಮ್ಮೂರ ಕೆರೆ ಕಟ್ಟಿಸಿದೋಳು ಮಾಚಿಯಕ್ಕ ಅಂತ ಕಣಮ್ಮ. ಇದು ಅವಳ ಕಲ್ಲು" ಎಂದರು. ಜಯಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನಮ್ಮವ್ವಾ! ಕೆರೆ ಕಟ್ಸಿದ್ದು ಹೆಂಗ್ಸಾ? ಇಷ್ಟ್ ವರ್ಸ ಅವಳ ಹೆಸ್ರಿನ ಮ್ಯಾಲೇ ಬಟ್ಟೆ ಒಗುದ್ನಲ್ಲಾ!" ಡಬ್ಬಿ ಹಿಡಿದು ನಿಂತಿದ್ದ ನಾನು ಮುಖ ಆ ಕಡೆ ತಿರುಗಿಸಿದೆ. ಹಿಟ್ಟಿನ ಧೂಳು ಎಂದು ಕೆಮ್ಮಿದೆ.

ಸನ್ಮಾನದ ದಿನ ಬಂತು. ಬೇಲೂರಿನ ಸಭೆಯಲ್ಲಿ ಮೂವರು ಅತಿಥಿಗಳು ಮೇಡಮ್ಮನ್ನು ಹೊಗಳುವ ನೆಪದಲ್ಲಿ ತಮ್ಮ ತಮ್ಮ ಜೀವನಚರಿತ್ರೆ ಹೇಳಿ ಮುಗಿಸುವ ವೇಳೆಗೆ ಹಿಂದಿನಿಂದ ಹುಳಿಯ ಒಗ್ಗರಣೆಯ ವಾಸನೆ ಬಂದು ಜನ ಏಳತೊಡಗಿದರು. "ಎರಡೇ ನಿಮಿಷ ಸಾರ್, ಜನ ಎದ್ದೋಯ್ತಾವ್ರೆ" ಎಂದು ಸಂಘಟಕರು ಕಿವಿಯಲ್ಲಿ ಉಸುರಿದರು. ನಾನು ಬರೆದು ತಂದಿದ್ದ 'ಸಾರಸ್ವತ ಲೋಕದ ಧ್ರುವತಾರೆ' ಇತ್ಯಾದಿ ನಾಲ್ಕು ಪುಟ ಜೇಬಿನಲ್ಲೇ ಉಳಿಯಿತು. ಬಾಯಿಗೆ ಬಂದದ್ದು ನಿಜ: "ಈ ಮೇಡಂ ಮೇಲೆ ದೂರು ಕೊಟ್ಟವನು ನಾನೇ." ಎದ್ದವರೆಲ್ಲ ಕೂತರು. ದೂರು ಎಂದರೆ ಯಾರಿಗೆ ತಾನೆ ಬೇಡ! ಗೋಡೆ, ಕೊನೆಯ ಬೆಂಚು, ಹಿಟ್ಟಿನ ಡಬ್ಬಿ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಜನ ಬಿದ್ದು ಬಿದ್ದು ನಕ್ಕರು.

ಆಮೇಲೆ ಮೇಡಂ ಎದ್ದು ನಿಂತರು. ಕೈಯಲ್ಲಿ ಚೀಟಿಯಿಲ್ಲ, ದೊಡ್ಡ ಪದಗಳಿಲ್ಲ. ಮಾಚಿಯಕ್ಕ ಹಾರೆ ಹಿಡಿದವರಿಗೆ ಅಂಬಲಿ ಕೊಟ್ಟದ್ದು, ಮೊದಲ ಮಳೆಗೆ ಏರಿಯ ಮೇಲೆ ನಿಂತು ನೀರು ನೋಡಿದ್ದು, ಇವೆಲ್ಲ ಹೇಗೆ ಇದ್ದಿರಬಹುದೆಂದು ಅವರು ಹೇಳುತ್ತಿದ್ದರೆ ನಾವೆಲ್ಲ ಆ ಏರಿಯ ಮೇಲೇ ನಿಂತಿದ್ದೆವು. ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದರು. ಪಾಯಸ ಆರಿತು, ಯಾರೂ ಏಳಲಿಲ್ಲ. ಎದ್ದದ್ದು ಒಬ್ಬಳೇ, ಹೆಂಗಸರ ಸಾಲಿನಲ್ಲಿದ್ದ ಜಯಮ್ಮ. "ಅವ್ವಾ, ಆ ಕಲ್ಲ ಏರಿ ಮ್ಯಾಲೆ ನಿಲ್ಸಿವ್ನಿ. ಊರೋರೆಲ್ಲ ಬಂದು ಕುಂಕ್ಮ ಇಕ್ಕವ್ರೆ. ಇನ್ಮ್ಯಾಲೆ ಅದು ನಮ್ಮೂರ್ ಅಕ್ಕನ ಕಲ್ಲು!" ಚಪ್ಪಾಳೆಗೆ ಚಾವಣಿಯ ಪಾರಿವಾಳಗಳು ಹಾರಿಹೋದವು. ಮೇಡಂ ಮೈಕು ಬಿಟ್ಟು ಜಯಮ್ಮನ ಕಡೆ ತಿರುಗಿ ಕೈಮುಗಿದರು.

ಊಟ ಮುಗಿಸಿ ರಸ್ತೆಗೆ ಬಂದಾಗ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡರು. "ಎಂಥಾ ಮಾತು ಸ್ವಾಮಿ ನಿಮ್ದು! ತಾವೂ ಸಾಹಿತ್ಯ ಚೆನ್ನಾಗಿ ಓದ್ಕೊಂಡಿರ್ಬೇಕು?" ಇಲ್ಲ ಎನ್ನಬೇಕಾಗಿತ್ತು. "ಏನೋ, ಅಲ್ಪಸ್ವಲ್ಪ" ಎಂದೆ, ವಿನಯದಿಂದ. ಅವರು ಸಂತೋಷದಿಂದ ಚೀಲ ತೆರೆದು ಹಳಗನ್ನಡದ ದಪ್ಪ ಪುಸ್ತಕ ತೆಗೆದರು. "ಹಾಗಾದ್ರೆ ಈ ಒಂದು ಪದ್ಯ ಬಿಡಿಸಿ ಹೇಳ್ಬೇಕು ತಾವು." ಅಷ್ಟರಲ್ಲಿ ಎದುರಿಗೆ ಒಂದು ಬಸ್ಸು ನಿಧಾನಿಸಿತು. "ಅಯ್ಯೋ, ನಮ್ಮ ಬಸ್ಸು!" ಎಂದು ಓಡಿ ಹತ್ತಿ, ಕಿಟಕಿಯ ಬಳಿ ಕೂತು, ವಿದ್ವಾಂಸನಿಗೆ ತಕ್ಕ ಗಾಂಭೀರ್ಯದಿಂದ ಅವರಿಗೆ ಕೈ ಬೀಸಿದೆ.

"ಎಲ್ಲಿಗೆ ಸಾರ್?" ಎಂದ ಕಂಡಕ್ಟರು.

"ಅರಸೀಕೆರೆ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಓದಿದೋರ ಥರ ಕಾಣ್ತೀರಿ, ಬೋರ್ಡ್ ನೋಡಿ ಹತ್ತಬಾರ್ದಾ ಸಾರ್? ಇದು ಅರೇಹಳ್ಳಿಗೆ ಹೋಯ್ತದೆ."